ಹಳೆಯ ಗಣಕವ್ಯವಸ್ಥೆಗಳ ಪಾಲನೆ ಮತ್ತು ನವೀಕರಣ

ಗಣಕಯಂತ್ರವೆಂದೊಡನೆ ಹೊಸತನವೇ ಮನಸ್ಸಿಗೆ ಬರುವುದು ಸಹಜ. ಆದರೆ ದೊಡ್ಡ ಬ್ಯಾಂಕುಗಳಲ್ಲಿಯೂ ವಿಮಾ ಸಂಸ್ಥೆಗಳಲ್ಲಿಯೂ ನಿತ್ಯದ ಲೆಕ್ಕವನ್ನು ನಡೆಸುವ ಕ್ರಮವಿಧಿಗಳಲ್ಲಿ, ಎಂದರೆ ಪ್ರೋಗ್ರಾಮುಗಳಲ್ಲಿ, ಎಷ್ಟೋ ಅವುಗಳನ್ನು ಇಂದು ನೋಡಿಕೊಳ್ಳುತ್ತಿರುವವರಿಗಿಂತ ವಯಸ್ಸಿನಲ್ಲಿ ಹಿರಿಯವು. ಅವುಗಳಲ್ಲಿ ಬಹುಪಾಲು ಕೋಬಾಲ್ ಭಾಷೆಯಲ್ಲಿವೆ. ಅಮೆರಿಕದಲ್ಲಿ 1959ರಲ್ಲಿ ರೂಪುಗೊಳ್ಳತೊಡಗಿ 1960ರಲ್ಲಿ ಹೊರಬಂದ ಈ ಭಾಷೆಗೆ ಗ್ರೇಸ್ ಹಾಪರ್ ಅವರ ಫ್ಲೋ-ಮ್ಯಾಟಿಕ್ ಮುಖ್ಯ ಮಾದರಿಯಾಗಿತ್ತು. 1964ರಲ್ಲಿ ಐಬಿಎಂ ಸಂಸ್ಥೆಯು ಸಿಸ್ಟಂ/360 ಎಂಬ ಯಂತ್ರಗಳ ಕುಟುಂಬವನ್ನು ಪ್ರಕಟಿಸಿತು. ಒಂದು ಯಂತ್ರಕ್ಕೆ ಬರೆದದ್ದು ಅದೇ ಕುಟುಂಬದ ಮುಂದಿನ ಯಂತ್ರದಲ್ಲಿಯೂ ನಡೆಯುವಂತಾಯಿತು. ಹೀಗೆ ಯಂತ್ರಗಳು ಮತ್ತೆ ಮತ್ತೆ ಬದಲಾದರೂ ಬರಹ ಉಳಿಯಿತು.

ಬರಹಕ್ಕೆ ತುಕ್ಕು ಹಿಡಿಯುವುದಿಲ್ಲ. ಸವೆಯುವುದು ಅದರ ಕಾರಣದ ಅರಿವು. ಯಾವುದೋ ಒಂದು ಬಗೆಯ ಖಾತೆಗೆ ಮಾತ್ರ ಬಡ್ಡಿಯನ್ನು ಬೇರೆ ರೀತಿಯಲ್ಲಿ ಎಣಿಸಬೇಕೆಂಬ ಸಾಲೊಂದು ಕ್ರಮವಿಧಿಯ ನಡುವೆ ಇದ್ದರೆ, ಅದು ಕಾನೂನಿನ ತಿದ್ದುಪಡಿಯಿಂದ ಬಂದದ್ದೋ, ಹಳೆಯ ಕರಾರಿನಿಂದ ಬಂದದ್ದೋ, ಬರೆದವನ ಪ್ರಮಾದವೋ ಎಂಬುದನ್ನು ಯಾವ ಕಡತವೂ ಹೇಳದಿರಬಹುದು. ಬರೆದವನು ನಿವೃತ್ತನಾದ ಮೇಲೆ ಆ ನಿಯಮಕ್ಕೆ ಆ ಸಾಲೇ ಏಕೈಕ ದಾಖಲೆ. ಆದ್ದರಿಂದ ಪಾಲಕನ ಮೊದಲ ಕರ್ತವ್ಯ ತಿದ್ದುವುದಲ್ಲ, ಓದುವುದು.

ಹಣದ ಲೆಕ್ಕದಲ್ಲಿ ಇನ್ನೊಂದು ಸೂಕ್ಷ್ಮವಿದೆ. ಕೋಬಾಲ್ ಹಣವನ್ನು ದಶಮಾಂಶ ಅಂಕಗಳಲ್ಲಿಯೇ ಇಟ್ಟುಕೊಂಡು ಎಣಿಸಬಲ್ಲದು. ಅನೇಕ ಹೊಸ ಭಾಷೆಗಳಲ್ಲಿ ಭಿನ್ನಸಂಖ್ಯೆಗಳಿಗೆ ವಾಡಿಕೆಯಾಗಿರುವುದು ದ್ವಿಮಾನ ಪದ್ಧತಿ. ಅದರಲ್ಲಿ ಹತ್ತು ಪೈಸೆಯನ್ನು, ಎಂದರೆ 0.10 ರೂಪಾಯಿಯನ್ನು, ನಿಖರವಾಗಿ ಬರೆಯಲಾಗದು. ಭಾಷಾಂತರಿಸುವವನು ಇದನ್ನು ಮರೆತರೆ ಪೈಸೆಯ ಅಂಶವೊಂದು ತಪ್ಪಿ, ಲಕ್ಷಾಂತರ ಖಾತೆಗಳಲ್ಲಿ ಕೂಡುತ್ತ ಹೋಗುತ್ತದೆ.

ಹಿಂದಿನವರ ಮಿತವ್ಯಯವೂ ತೊಡಕಾದುದುಂಟು. ರಂಧ್ರಪತ್ರದಲ್ಲಿ ಇದ್ದದ್ದು 80 ಕಂಬಗಳು ಮಾತ್ರ. ಆದ್ದರಿಂದ ವರ್ಷಕ್ಕೆ ಎರಡೇ ಅಂಕಗಳನ್ನು ಕೊಟ್ಟರು. ಅಂದಿಗೆ ಅದು ವಿವೇಕವೇ. 2000ದ ಇಸವಿ ಸಮೀಪಿಸಿದಾಗ 00 ಎಂಬುದು 1900 ಆಗಿಬಿಡುವ ಭಯ ಹುಟ್ಟಿತು. 1990ರ ದಶಕದ ಉತ್ತರಾರ್ಧದಲ್ಲಿ ಈ ತಿದ್ದುಪಡಿಯ ಕೆಲಸ ಬೆಂಗಳೂರಿನ ಸಂಸ್ಥೆಗಳಿಗೂ ಹೇರಳವಾಗಿ ಬಂದು, ಅನೇಕ ಕನ್ನಡಿಗ ತರುಣರು ತಮಗಿಂತ ಹಳೆಯ ಸಾಲುಗಳನ್ನು ಓದಿದರು. ಎಲ್ಲೆಡೆ ನಾಲ್ಕಂಕದ ವರ್ಷವನ್ನು ತುಂಬಲು ಸಮಯ ಸಾಲದಾಗಿ, 00ರಿಂದ 29ರವರೆಗೆ ಬಂದರೆ ಹೊಸ ಶತಮಾನ, ಉಳಿದದ್ದು ಹಳೆಯದು ಎಂಬಂಥ ಉಪಾಯವನ್ನೂ ಕೆಲವೆಡೆ ಹೂಡಲಾಯಿತು. ಅಂಥ ಗಡಿಯನ್ನಿಟ್ಟ ಕ್ರಮವಿಧಿ 2030ರಲ್ಲಿ ಮತ್ತೆ ಎಡವುತ್ತದೆ.

ಹಾಗಾದರೆ ಹಳೆಯದನ್ನು ಒಮ್ಮೆಗೇ ಕಿತ್ತು ಹೊಸದನ್ನಿಡಬಾರದೇಕೆ? ಇಂಗ್ಲೆಂಡಿನ ಟಿಎಸ್‌ಬಿ ಬ್ಯಾಂಕು 2018ರ ಏಪ್ರಿಲ್ ತಿಂಗಳ ಒಂದು ವಾರಾಂತ್ಯದಲ್ಲಿ ಸುಮಾರು 52 ಲಕ್ಷ ಗ್ರಾಹಕರ ಲೆಕ್ಕವನ್ನು ಹೊಸ ವ್ಯವಸ್ಥೆಗೆ ಸಾಗಿಸಿತು. ಮಾಹಿತಿ ಸುರಕ್ಷಿತವಾಗಿಯೇ ತಲುಪಿತು. ಹೊತ್ತುಕೊಳ್ಳಬೇಕಾದ ವ್ಯವಸ್ಥೆಯೇ ಕುಸಿಯಿತು. ಅಸಂಖ್ಯ ಜನರು ತಮ್ಮ ಹಣವನ್ನೇ ಮುಟ್ಟಲಾರದಾದರು. ಎಲ್ಲವೂ ಸುಸ್ಥಿತಿಗೆ ಬರುವ ವೇಳೆಗೆ ಡಿಸೆಂಬರ್ ಆಗಿತ್ತು. 2022ರಲ್ಲಿ ನಿಯಂತ್ರಕರು 4 ಕೋಟಿ 86 ಲಕ್ಷ ಪೌಂಡುಗಳಿಗೂ ಮಿಕ್ಕಿದ ದಂಡ ವಿಧಿಸಿದರು.

ಇದಕ್ಕೆ ಭಿನ್ನವಾದ ಮಾರ್ಗವೊಂದನ್ನು ಮಾರ್ಟಿನ್ ಫೌಲರ್ 2004ರಲ್ಲಿ ಆಸ್ಟ್ರೇಲಿಯದ ಕಾಡಿನ ಮರವೊಂದರ ಹೋಲಿಕೆಯಿಂದ ವಿವರಿಸಿದರು. ಅದು ನಮ್ಮ ಆಲದ ಜಾತಿಯದೇ: ಮತ್ತೊಂದು ಮರದ ಕವಲಿನಲ್ಲಿ ಮೊಳೆತು, ಬೇರನ್ನು ನೆಲಕ್ಕಿಳಿಸಿ, ಕಾಲಕ್ರಮದಲ್ಲಿ ತಾನೇ ನಿಲ್ಲುತ್ತದೆ. ಅಂತೆಯೇ ಒಂದೊಂದೇ ಕಾರ್ಯವನ್ನು ಹೊಸದಕ್ಕೆ ವಹಿಸುತ್ತ, ಮಿಕ್ಕದ್ದನ್ನು ಹಳೆಯದರಲ್ಲಿಯೇ ನಡೆಸಲಾಗುತ್ತದೆ. ವಹಿಸಿದ ಕಾರ್ಯವನ್ನು ಕೆಲಕಾಲ ಎರಡೂ ಕಡೆ ಮಾಡಿ, ಪೈಸೆ ಪೈಸೆಗೆ ತಾಳೆ ನೋಡುವುದು ರೂಢಿ. ಖರ್ಚು ಇಮ್ಮಡಿ, ಬೇಸರವೂ ಇಮ್ಮಡಿ. ದಿನದ ಲೆಕ್ಕ ಸರಿಬಂದರೆ ಸಾಲದು. ತಿಂಗಳ ಕೊನೆಯದು, ಮಾರ್ಚ್ 31ರ ವಾರ್ಷಿಕ ಲೆಕ್ಕ, ಫೆಬ್ರವರಿ 29ರದು, ಇವೆಲ್ಲವೂ ಎರಡು ಕಡೆಯೂ ಒಂದೇ ಮೊತ್ತಕ್ಕೆ ಬಂದ ಮೇಲೆ ಹಳೆಯ ಯಂತ್ರದ ವಿದ್ಯುತ್ತನ್ನು ತೆಗೆಯುತ್ತಾರೆ.