ಸ್ಪ್ಯಾನಿಶ್ ಮಸೀದಿ ನೋಡಲು ಹೊರಟವರಿಗೆ ಕಿವಿಮಾತು

ಎಲ್ಲ ಧರ್ಮದವರೂ ಬಂದು ನೋಡಿ ಎಂದು ಮಸೀದಿಯವರು ಬಾಗಿಲು ತೆರೆದಿಡುವ ದಿನಗಳಿರುತ್ತವೆ. ನಮ್ಮ ಕರ್ನಾಟಕದ ಕಡೆ ಅದಕ್ಕೆ ‘ಮಸೀದಿ ದರ್ಶನ’ ಎನ್ನುತ್ತಾರೆ. ಹೈದರಾಬಾದಿನಲ್ಲಿರುವ ಕನ್ನಡದ ಮಕ್ಕಳೇ, ಬೇಗಂಪೇಟೆಯ ಸ್ಪ್ಯಾನಿಶ್ ಮಸೀದಿಗೆ ಅಂಥ ದಿನ ಹೋಗುವುದಾದರೆ ಇಷ್ಟು ಕೇಳಿಸಿಕೊಂಡು ಹೊರಡಿ.

• ಕಾಚಿಗುಡಾ ಕಡೆಯವರು ಆಟೋಕ್ಕೆ ದುಡ್ಡು ಸುರಿಯಬೇಡಿ. ಎಂಎಂಟಿಎಸ್ ರೈಲು ಬೇಗಂಪೇಟೆಗೇ ಹೋಗುತ್ತದೆ. ಹೊತ್ತು ಮಾತ್ರ ಮೊದಲೇ ನೋಡಿಕೊಳ್ಳಿ, ಒಂದು ತಪ್ಪಿದರೆ ಇನ್ನೊಂದಕ್ಕೆ ಕಾಯಬೇಕು.

• ಲೇಸಿನ ಬೂಟು ಬೇಡ, ಚಪ್ಪಲಿ ಹಾಕಿಕೊಳ್ಳಿ. ಬಾಗಿಲಲ್ಲಿ ಬಗ್ಗಿ ಕೂತರೆ ಹಿಂದಿನವರೆಲ್ಲ ನಿಲ್ಲಬೇಕಾಗುತ್ತದೆ. ಹಳೆಯ ಬಟ್ಟೆ ಚೀಲವೊಂದಿದ್ದರೆ ಮನೆಮಂದಿಯ ಚಪ್ಪಲಿಯೆಲ್ಲ ಅದರಲ್ಲೇ ಇಡಿ. ಕಾಲುಚೀಲ ಹಾಕುವವರು ಹೆಬ್ಬೆರಳ ಹತ್ತಿರ ತೂತಿದೆಯೇ ಅಂತ ಮನೆಯಲ್ಲೇ ನೋಡಿಕೊಳ್ಳಿ!

• ಹೆಣ್ಣುಮಕ್ಕಳು ಹತ್ತಿಯ ದುಪಟ್ಟಾ ತನ್ನಿ. ರೇಷ್ಮೆಯದು ತಲೆಯ ಮೇಲೆ ನಿಲ್ಲುವುದಿಲ್ಲ, ಇಡೀ ಹೊತ್ತು ಅದನ್ನೇ ಎಳೆದುಕೊಳ್ಳುತ್ತಿರುತ್ತೀರಿ. ಎಲ್ಲಿಯವರೆಗೆ ಬರಬಹುದು ಎಂದು ಬಾಗಿಲಲ್ಲೇ ಕೇಳಿ, ಒಂದೊಂದು ಮಸೀದಿಯ ಪದ್ಧತಿ ಒಂದೊಂದು ಥರ.

• ಕಾಯಿ, ಹೂವು, ಊದಿನಕಡ್ಡಿ ಕಟ್ಟಿಕೊಂಡು ಹೋಗಬೇಡಿ. ಅಲ್ಲಿ ಮೂರ್ತಿಯಿಲ್ಲ, ಪೂಜೆಯಿಲ್ಲ. ಗೋಡೆಯಲ್ಲಿ ಕಾಣುವ ಕಮಾನಿನ ಗೂಡು ಮಕ್ಕಾದ ದಿಕ್ಕು ತೋರಿಸಲಿಕ್ಕೆ. ನಮ್ಮ ಊರಿಂದ ಅದು ಪಶ್ಚಿಮಕ್ಕೆ.

• ಗುಮ್ಮಟ ಎಲ್ಲಿ ಅಂತ ಹುಡುಕಬೇಡಿ, ಇಲ್ಲಿರುವುದು ಇಗರ್ಜಿಯಂಥ ಚೂಪು ಶಿಖರಗಳು. ಪಾಯ್ಗಾ ಮನೆತನದ ವಿಕಾರ್-ಉಲ್-ಉಮ್ರಾ ಸ್ಪೇನಿಗೆ ಹೋಗಿ, ಕಾರ್ಡೋಬಾದ ಹಳೆಯ ಮಸೀದಿ ನೋಡಿ ಮನಸೋತು ಬಂದು ಕಟ್ಟಿಸಿದ್ದು. 1900ರಲ್ಲಿ ಶುರುವಾಗಿ 1906ಕ್ಕೆ ಮುಗಿಯಿತು. ಫಲಕ್‌ನುಮಾ ಅರಮನೆ ಕಟ್ಟಿಸಿದವರೂ ಅವರೇ. ಈಗ ಹೋಟೆಲಾಗಿರುವ ಆ ಅರಮನೆಯೊಳಗೆ ಒಂದು ಚಹಾ ಕುಡಿಯಲಿಕ್ಕೂ ಕೈತುಂಬ ದುಡ್ಡು ಬೇಕು, ಇಲ್ಲಿ ಕಾಸಿಲ್ಲದೆ ನೋಡುತ್ತೀರಿ. ಅದಕ್ಕೇ ಹೇಳುವುದು, ಮೊದಲು ಕಣ್ಣಿಂದ ನೋಡಿ, ಆಮೇಲೆ ಫೋನು ತೆಗೆಯಿರಿ.

• ಜನರ ಫೋಟೋ ಕೇಳಿಯೇ ತೆಗೆಯಿರಿ. ಫೋನಿನ ಸದ್ದು ಹೊರಗೇ ಆರಿಸಿಬಿಡಿ, ಒಳಗೆ ಹೋದ ಮೇಲೆ ನೆನಪಾಗುವುದಿಲ್ಲ.

• ನಮಾಜು ಮಾಡುತ್ತಿರುವವರ ಮುಂದೆ ಹಾಯಬೇಡಿ, ಹಿಂದಿನಿಂದ ಬಳಸಿ ಹೋಗಿ. ಆಜಾನ್ ಆದರೆ ಮಾತು ನಿಲ್ಲಿಸಿ ಪಕ್ಕಕ್ಕೆ ಸರಿಯಿರಿ. ಶುಕ್ರವಾರ ಮಧ್ಯಾಹ್ನವಂತೂ ಅವರ ದೊಡ್ಡ ನಮಾಜಿನ ಹೊತ್ತು, ಆಗ ನೋಡಲು ಹೋಗುವುದೇ ಬೇಡ.

• ಕೈಕಾಲು ಮುಖ ತೊಳೆಯುವ ವುಜೂ ಜಾಗದಲ್ಲಿ ನಲ್ಲಿ ತಿರುಗಿಸಿ ನೋಡುವ ಆಸೆ ಮಕ್ಕಳಿಗೆ ಬಂದೇ ಬರುತ್ತದೆ. ನಲ್ಲಿ ನಿಲ್ಲಿಸಿದ ಮೇಲೆ ಮುಂದಕ್ಕೆ ಕರೆದುಕೊಂಡು ಹೋಗಿ. ಒದ್ದೆ ಕಾಲಲ್ಲಿ ಚಾಪೆ ತುಳಿಯಲು ಬಿಡಬೇಡಿ.

• ಪ್ರಶ್ನೆ ಧಾರಾಳವಾಗಿ ಕೇಳಿ, ಕರೆದಿರುವುದೇ ಅದಕ್ಕೆ. ಟೀವಿಯಲ್ಲಿ ಕೇಳಿದ ಜಗಳ ಮಾತ್ರ ಅಲ್ಲಿ ಬಿಚ್ಚಬೇಡಿ. ಉತ್ತರ ಹೇಳುವ ಹುಡುಗ ರಜೆ ಬಿಟ್ಟು ನಿಮಗಾಗಿ ನಿಂತಿರುತ್ತಾನೆ.

• ಚಹಾ, ಖರ್ಜೂರ ಕೊಟ್ಟರೆ ಅಲ್ಲೇ ತಿನ್ನಿ, ಕರವಸ್ತ್ರದಲ್ಲಿ ಗಂಟು ಕಟ್ಟಬೇಡಿ. ಬೀಜವನ್ನು ಅಂಗಳಕ್ಕೆ ಉಗುಳದೆ ಕಪ್ಪಿನಲ್ಲೇ ಹಾಕಿ.

• ಸುತ್ತ ತೋರಿಸಿದವರಿಗೆ ಒಂದು ಮಾತು ಹೇಳಿ ಬನ್ನಿ, ಯುಗಾದಿಗೆ ಅವರನ್ನು ಮನೆಗೂ ಕರೆಯಿರಿ. ಹೋಳಿಗೆ ಹೇಗಿದ್ದರೂ ನಾಲ್ಕು ಹೆಚ್ಚೇ ಮಾಡಿರುತ್ತೀರಿ.