ಹುಲಿ-ಕುರಿಯಾಟ: ಒಬ್ಬನೇ ಕುಳಿತು ಮಾಡುವ ಅಭ್ಯಾಸ

ಆಟಕ್ಕೆ ಇಬ್ಬರಾದರೂ ಬೇಕೆಂಬುದು ರೂಢಿಯ ಮಾತು. ಆದರೆ ಮೈಸೂರಿನ ಮುಮ್ಮಡಿ ಕೃಷ್ಣರಾಜ ಒಡೆಯರು (1794–1868) ಚದುರಂಗದ ಕುದುರೆಯೊಂದನ್ನೇ ಹಿಡಿದು, ಯಾವ ಮನೆಯನ್ನೂ ಎರಡು ಸಲ ಮೆಟ್ಟದಂತೆ 64 ಮನೆಗಳನ್ನೂ ಸುತ್ತಿಸುವ ಬಗೆಗಳನ್ನು ರಚಿಸಿದರು. ಅವರ ‘ಶ್ರೀತತ್ತ್ವನಿಧಿ’ಯ ಕೌತುಕನಿಧಿಯೆಂಬ ಭಾಗವು ಆಟಗಳಿಗೇ ಮೀಸಲಾಗಿದೆ. ಎದುರಾಳಿಯಿಲ್ಲದ ಆಟವೂ ವಿದ್ವತ್ತಿನ ವಿಷಯವಾಗಬಲ್ಲುದೆಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಡ. ಅಂಥ ಅಭ್ಯಾಸಕ್ಕೆ ಅರಮನೆಯ ದಂತದ ಕಾಯಿಗಳೂ ಬೇಕಿಲ್ಲ. ಹುಲಗೂರಿನ ವಿದ್ಯಾರ್ಥಿಗೆ ಒಂದು ಸೀಮೆಸುಣ್ಣದ ತುಂಡು, ಹದಿನೈದು ಗೋವಿನಜೋಳದ ಕಾಳು, ಮೂರು ಹುಣಸೆಬೀಜ ಇಷ್ಟಿದ್ದರೆ ಸಾಕು, ಹುಲಿ-ಕುರಿಯಾಟ ಸಿದ್ಧವಾಯಿತು.

ಚದುರಂಗದಲ್ಲಿ ಸಮಬಲದ ಎರಡು ಸೈನ್ಯಗಳು ಎದುರುಬದುರು ನಿಲ್ಲುತ್ತವೆ. ಹುಲಿ-ಕುರಿಯಾಟವು ಸೈನ್ಯಗಳ ಯುದ್ಧವಲ್ಲ, ಸಣ್ಣದೊಂದು ಕಾದಾಟ. ಒಂದು ಕಡೆ ಸಂಖ್ಯೆ, ಇನ್ನೊಂದು ಕಡೆ ಶಕ್ತಿ. ಹಾವೇರಿ ಜಿಲ್ಲೆಯ ಊರೂರುಗಳಲ್ಲಿ ನಿಂತಿರುವ ವೀರಗಲ್ಲುಗಳನ್ನು ನೋಡಿದವರಿಗೆ ಇಂಥ ಕಾದಾಟ ಅಪರಿಚಿತವಲ್ಲ. ತುರುಗಳನ್ನು ಹೊಡೆದೊಯ್ಯಲು ಬಂದವರನ್ನು ತಡೆದು ಮಡಿದ ಕೆಲವೇ ಜನರ ಕಥೆಯನ್ನು ಅವುಗಳಲ್ಲಿ ಅನೇಕ ಕಲ್ಲುಗಳು ಹೇಳುತ್ತವೆ.

ಆಟದ ಪಟವನ್ನು ಹೀಗೆ ಬರೆಯಬೇಕು. ಮೇಲೆ ಒಂದು ಶಿಖರಬಿಂದು. ಅಲ್ಲಿಂದ ಕೆಳಗಿನ ಅಡ್ಡಗೆರೆಯವರೆಗೆ ಇಳಿಯುವ ನಾಲ್ಕು ಗೆರೆಗಳು. ಅವುಗಳನ್ನು ನಡುವೆ ಕತ್ತರಿಸುವ ಮೂರು ಅಡ್ಡಗೆರೆಗಳು. ಈ ಮೂರು ಗೆರೆಗಳ ತುದಿಗಳನ್ನು ಎಡಬಲಗಳಲ್ಲಿ ನೆಟ್ಟಗೆರೆಗಳಿಂದ ಕೂಡಿಸಬೇಕು. ಆಗ ಶಿಖರದಲ್ಲಿ 1, ಮೂರು ಸಾಲುಗಳಲ್ಲಿ ಆರಾರು, ತಳದಲ್ಲಿ 4, ಒಟ್ಟು 23 ಬಿಂದುಗಳಾಗುತ್ತವೆ. ಶಿಖರದಿಂದ ಆರಂಭಿಸಿ ಸಾಲುಸಾಲಾಗಿ, ಎಡದಿಂದ ಬಲಕ್ಕೆ, 1ರಿಂದ 23ರವರೆಗೆ ಅಂಕೆ ಹಾಕಿಕೊಳ್ಳುವುದು ಒಳ್ಳೆಯದು. ಹುಲಿಗಳನ್ನು 1, 4, 5ರಲ್ಲಿ ಇಡುವುದು ಒಂದು ರೂಢಿ. ಕುರಿಗಳನ್ನು ಒಂದೊಂದಾಗಿ ಇಡುತ್ತ ಹೋಗಬೇಕು. ಹದಿನೈದೂ ಪಟಕ್ಕೆ ಇಳಿಯುವವರೆಗೆ ಯಾವ ಕುರಿಯೂ ಕದಲುವಂತಿಲ್ಲ. ಹುಲಿ ಒಂದು ಹೆಜ್ಜೆ ಸರಿಯಬಹುದು, ಇಲ್ಲವೆ ಪಕ್ಕದ ಕುರಿಯನ್ನು ನೇರ ಗೆರೆಯಲ್ಲಿ ಹಾರಿ ಆಚೆಯ ಬರಿದಾದ ಬಿಂದುವಿನಲ್ಲಿ ಕುಳಿತು ಅದನ್ನು ಕೊಲ್ಲಬಹುದು. ಮೂರು ಹುಲಿಗಳೂ ಕದಲದಂತಾದರೆ ಕುರಿಗಳ ಗೆಲುವು. ಎಷ್ಟು ಕುರಿ ಸತ್ತರೆ ಹುಲಿಯ ಗೆಲುವೆಂಬುದನ್ನು ಮೊದಲೇ ಗೊತ್ತುಮಾಡಿಕೊಳ್ಳಬೇಕು.

ಒಬ್ಬನೇ ಆಡಲು ಕುಳಿತಾಗ ಎದುರಾಗುವ ಮೊದಲ ತೊಡಕು ಪಟದ್ದಲ್ಲ, ಮನಸ್ಸಿನದು. ಆಡುವವನಿಗೆ ಅರಿವಿಲ್ಲದೆಯೇ ಒಂದು ಪಕ್ಷದ ಮೇಲೆ ಒಲವು ಹುಟ್ಟುತ್ತದೆ. ಕುರಿಯಾಗಿ ಹೂಡಿದ ಉಪಾಯವು ಹುಲಿಯಾಗಿ ಕುಳಿತಾಗಲೂ ತಿಳಿದಿರುತ್ತದೆ. ಆದರೂ ಹುಲಿಯ ಕೈಯಲ್ಲಿ ಅದೇ ತಪ್ಪು ನಡೆಯನ್ನು ಮಾಡಿಸಿ ಹಿಗ್ಗುವ ಆಸೆ. ಹುಡುಗರು ಬಹುಮಟ್ಟಿಗೆ ಹುಲಿಯ ಪಕ್ಷವನ್ನೇ ಬಯಸುವರಾದ್ದರಿಂದ, ಪಾಪ, ಕುರಿಗಳಿಗೆ ಒಳ್ಳೆಯ ಸೇನಾಪತಿ ಸಿಕ್ಕುವುದೇ ಅಪರೂಪ.

ಈ ತೊಡಕಿಗೆ ಪರಿಹಾರವನ್ನು ಯುದ್ಧದ ಆಟಗಳ ಇತಿಹಾಸದಲ್ಲಿಯೇ ಕಾಣಬಹುದು. ಪ್ರಷ್ಯಾದ ಸೇನಾಧಿಕಾರಿ ರೈಸ್ವಿಟ್ಸ್ 1824ರಲ್ಲಿ ಪ್ರಕಟಿಸಿದ ‘ಕ್ರೀಗ್ಸ್‌ಷ್ಪೀಲ್’ ಆಟದಲ್ಲಿ ನಕಾಶೆಯ ಮೇಲೆ ದಳಗಳ ತುಣುಕುಗಳನ್ನಿಟ್ಟು ಆಡುತ್ತಿದ್ದರು. ಅಲ್ಲಿ ಎರಡು ಪಕ್ಷಗಳಲ್ಲದೆ ಮೂರನೆಯವನೊಬ್ಬ ಮಧ್ಯಸ್ಥನಿದ್ದನು. ಹೊಡೆತದ ಫಲವನ್ನು ದಾಳದಿಂದ ತಿಳಿಯುತ್ತಿದ್ದರು. ಆಂಗ್ಲ ಲೇಖಕ ಎಚ್. ಜಿ. ವೆಲ್ಸ್ 1913ರಲ್ಲಿ ‘ಲಿಟಲ್ ವಾರ್ಸ್’ ಎಂಬ ಪುಸ್ತಕ ಬರೆದು, ಆಟಿಕೆಯ ಸಿಪಾಯಿಗಳನ್ನೂ ಸ್ಪ್ರಿಂಗಿನ ಫಿರಂಗಿಗಳನ್ನೂ ಮನೆಯ ನೆಲದ ಮೇಲೆ ಹೂಡಿ ಕಾದಾಡುವ ನಿಯಮಗಳನ್ನು ಕೊಟ್ಟನು. ನಿಜವಾದ ಯುದ್ಧಕ್ಕಿಂತ ಈ ಪುಟ್ಟ ಯುದ್ಧವೇ ಲೇಸೆಂಬುದು ಅವನ ವಾದ. ಮರುವರ್ಷವೇ ಮೊದಲ ಮಹಾಯುದ್ಧ ಆರಂಭವಾಯಿತು.

ಒಬ್ಬನೇ ಆಡುವವನಿಗೆ ಮಧ್ಯಸ್ಥನಾಗುವುದು ಮೊದಲೇ ಬರೆದಿಟ್ಟ ನಿಯಮ. ಹುಲಿಯ ಪಕ್ಷಕ್ಕೆ ಇಷ್ಟು ಬರೆದುಕೊಂಡರೆ ಸಾಕು: ಕೊಲ್ಲಲು ಆಸ್ಪದವಿದ್ದರೆ ಕೊಲ್ಲಲೇಬೇಕು, ಆಸ್ಪದವಿಲ್ಲದಿದ್ದರೆ, ಅಥವಾ ಒಂದಕ್ಕಿಂತ ಹೆಚ್ಚಿದ್ದರೆ, ಸಾಧ್ಯವಿರುವ ನಡೆಗಳನ್ನು ಚೀಟಿಗಳಲ್ಲಿ ಬರೆದು ಒಂದನ್ನು ಎತ್ತಬೇಕು. ಚೀಟಿಯ ಬದಲು ಕವಡೆ ಎಸೆಯಬಾರದೇಕೆಂದು ಕೇಳಬಹುದು. ನಾಲ್ಕು ಕವಡೆಗಳು ಎರಡೂ ಮಗ್ಗುಲಿಗೆ ಸಮನಾಗಿ ಬೀಳುವವೆಂದೇ ಇಟ್ಟುಕೊಂಡರೂ, 16 ಬಗೆಗಳಲ್ಲಿ ಎರಡು ಅಂಗಾತವಾಗುವುದು 6 ಬಗೆ, ನಾಲ್ಕೂ ಅಂಗಾತವಾಗುವುದು 1 ಬಗೆ ಮಾತ್ರ. ಹೀಗಾಗಿ ಎಲ್ಲ ನಡೆಗಳಿಗೂ ಸಮಾನ ಅವಕಾಶ ದೊರೆಯದು.

ಈ ಕ್ರಮದಲ್ಲಿ ಆಡಿ ನೋಡಿದಾಗ ಪಟದ ಗುಟ್ಟುಗಳು ಒಂದೊಂದಾಗಿ ಬಿಚ್ಚಿಕೊಳ್ಳುತ್ತವೆ. ಕುರಿಯನ್ನು ಕೊಲ್ಲಬೇಕಾದರೆ ಅದರ ಮೂಲಕ ಗೆರೆಯೊಂದು ಆಚೆಗೆ ಹಾಯಬೇಕು. 2, 7, 14, 19, 20, 23 ಈ ಆರು ಮೂಲೆಗಳಲ್ಲಿ ಗೆರೆಗಳು ಮುಗಿದುಹೋಗುತ್ತವೆ; ಅಲ್ಲಿ ನಿಂತ ಕುರಿಗೆ ಸಾವಿಲ್ಲ. ಆದಕಾರಣ ಮೊದಲ ಆರು ಕುರಿಗಳನ್ನು ಅಲ್ಲಿಯೇ ಇಡೋಣವೆಂದು ತೋರುವುದು ಸಹಜ. ಆದರೆ ಮೂಲೆಯಲ್ಲಿ ಸುಖವಾಗಿರುವ ಕುರಿ ಹುಲಿಯನ್ನು ಕಟ್ಟಿಹಾಕುವುದಿಲ್ಲ. ಮುಂದಕ್ಕೆ ಹೋದ ಕುರಿಗಾದರೋ ಒಂದೇ ಕಾವಲು ಸಾಲದು. 10ರಲ್ಲಿರುವ ಕುರಿಯ ಬೆನ್ನಿಗೆ 16ರಲ್ಲಿ ಇನ್ನೊಂದಿದ್ದರೆ 4ರ ಹುಲಿ ಹಾರಲಾರದು, ನಿಜ. ಆದರೆ 5ರ ಹುಲಿ 11ಕ್ಕೆ ಇಳಿದರೆ, ಮರುನಡೆಯಲ್ಲಿ ಅಡ್ಡಲಾಗಿ ಹಾರಿ 9ರಲ್ಲಿ ಕೂರುತ್ತದೆ.

ಇನ್ನೊಂದು ಲೆಕ್ಕ ಇದಕ್ಕಿಂತ ಮುಖ್ಯವಾದುದು. ಶಿಖರದಲ್ಲಿ ಕುಳಿತ ಹುಲಿಯನ್ನು ಕುರಿಗಳಿಂದಲೇ ಬಂಧಿಸಲು 3, 4, 5, 6ರಲ್ಲಿ ನಾಲ್ಕು, ಅವುಗಳ ಬೆನ್ನಿಗೆ 9, 10, 11, 12ರಲ್ಲಿ ನಾಲ್ಕು, ಒಟ್ಟು ಎಂಟು ಕುರಿಗಳು ಬೇಕು. ಅದೇ ಹುಲಿ 20ರ ಮೂಲೆಗೆ ಬಂದರೆ 9, 15, 21, 22 ಈ ನಾಲ್ಕೇ ಸಾಕು. ಕುರಿಗೆ ಅಭಯವಾದ ಮೂಲೆಯೇ ಹುಲಿಗೆ ಬೋನಾಗುತ್ತದೆ! ಮೂರು ಹುಲಿಗಳನ್ನೂ ಬೇರೆ ಬೇರೆ ಮೂಲೆಗಳಿಗೆ ಸೆಳೆದರೆ ಹೆಚ್ಚೆಂದರೆ ಹನ್ನೆರಡು ಕುರಿಗಳ ಕೆಲಸ. ಒಂದೇ ಕುರಿ ಇಬ್ಬರಿಗೆ ಅಡ್ಡ ನಿಲ್ಲುವ ಕಡೆ ಇನ್ನೂ ಕಡಿಮೆ. ಅಂದರೆ ಮೂರು ಕುರಿಗಳನ್ನು ಕಳೆದುಕೊಂಡ ಮೇಲೂ ಗೆಲ್ಲುವ ದಾರಿ ಮುಚ್ಚಿರುವುದಿಲ್ಲ. ಎದುರಾಳಿಯೊಡನೆ ಅವಸರದಿಂದ ಆಡುವವನು ಮೊದಲ ಕುರಿ ಬಿದ್ದಾಗಲೇ ಎದೆಗುಂದುತ್ತಾನೆ; ಎಣಿಸಲು ಅವನಿಗೆ ಪುರುಸೊತ್ತಾದರೂ ಎಲ್ಲಿದೆ?

ಪ್ರತಿ ನಡೆಯನ್ನೂ ಅಂಕೆಗಳಲ್ಲಿ ವಹಿಯಲ್ಲಿ ಗುರುತಿಸಿಕೊಳ್ಳಬೇಕು. ಚೀಟಿಯ ಹುಲಿಯೊಡನೆ ಹತ್ತು ಆಟಗಳಾದ ಮೇಲೆ ಚೀಟಿಗಳನ್ನು ಬಿಟ್ಟು, ಎರಡೂ ಪಕ್ಷಗಳನ್ನು ಸ್ವಂತ ಬುದ್ಧಿಯಿಂದಲೇ ಆಡಬಹುದು. ಆಗ ಪ್ರತಿ ನಡೆಗೂ ಎದ್ದು ಪಟದ ಆಚೆ ಬದಿಗೆ ಹೋಗಿ ಕುಳಿತುಕೊಳ್ಳುವುದು ಉತ್ತಮ. ತಲೆಕೆಳಗಾಗಿ ಕಾಣುವ ಪಟವು ಬೇರೆಯದೇ ಪಟವೆಂಬಂತೆ ತೋರುತ್ತದೆ.