ವೆಲ್ಡಿಂಗ್ ಸೆಟ್ಟಿನ ಹೊಟ್ಟೆಗೆ ಕಬ್ಬಿಣದ ಪುಡಿ ಹೋಗದಿರಲಿ

ಮುಂಗಾರಿನ ಹದ ಸಿಕ್ಕ ದಿನವೇ ಕಲ್ಟಿವೇಟರಿನ ಹಲ್ಲು ಮುರಿಯುವುದು ಖುಷ್ಕಿ ರೈತರಿಗೆ ಹೊಸದೇನಲ್ಲ. ಶಿವಮೊಗ್ಗಕ್ಕೋ ಭದ್ರಾವತಿಗೋ ಹೊತ್ತು ಹೋಗಿ ಬರುವಷ್ಟರಲ್ಲಿ ದಿನ ಕಳೆದು ಮಣ್ಣು ಆರಿರುತ್ತದೆ. ಹಾಗಾಗಿ ಕೆಲವರು ಸಣ್ಣ ಇನ್ವರ್ಟರ್ ವೆಲ್ಡಿಂಗ್ ಸೆಟ್ಟನ್ನು ಮನೆಯಲ್ಲೇ ಇಟ್ಟುಕೊಂಡಿದ್ದಾರೆ. ಒಳ್ಳೆಯದೇ. ಆದರೆ ಹದದ ದಿನ ಆ ಸೆಟ್ಟೇ ಕೈಕೊಟ್ಟರೆ?

ಹಳೇ ಟ್ರಾನ್ಸ್‌ಫಾರ್ಮರ್ ಸೆಟ್ಟಿನಲ್ಲಿ ಇರುವುದು ಕಬ್ಬಿಣದ ಪಟ್ಟಿ, ಅದಕ್ಕೆ ಸುತ್ತಿದ ದಪ್ಪ ತಂತಿ. ಸ್ವಲ್ಪ ಧೂಳು ಕೂತರೆ ತಡೆದುಕೊಳ್ಳುತ್ತದೆ. ಇನ್ವರ್ಟರಿನ ಒಳಗಿರುವುದು ಟಿ.ವಿ.ಯಲ್ಲಿರುವಂಥ ಬೋರ್ಡು. ಅದು ಕಾಯಬಾರದು ಅಂತ ಫ್ಯಾನು ಹೊರಗಿನ ಗಾಳಿ ಎಳೆಯುತ್ತದೆ. ಗಾಳಿ ಜೊತೆ ಧೂಳೂ ಒಳಗೆ. ಹೊಲದ ಧೂಳು ಬೋರ್ಡಿಗೆ ಕಂಬಳಿ ಹೊದಿಸಿದ ಹಾಗೆ, ಶಾಖ ಹೊರಗೆ ಬಿಡುವುದಿಲ್ಲ. ಗ್ರೈಂಡರಿನಿಂದ ಹಾರುವ ಕಬ್ಬಿಣದ ಪುಡಿ ಇದಕ್ಕಿಂತ ಕೆಟ್ಟದ್ದು, ಅದರಲ್ಲಿ ಕರೆಂಟು ಹರಿಯುತ್ತದೆ. ಬೋರ್ಡಿನ ಎರಡು ಬೆಸುಗೆಗಳ ನಡುವೆ ಕೂತರೆ ಶಾರ್ಟ್. ನಮ್ಮ ಮಳೆಗಾಲದ ತೇವವೂ ಸೇರಿದರೆ ಕೇಳುವುದೇ ಬೇಡ.

ಆದ್ದರಿಂದ ಗ್ರೈಂಡರನ್ನು ಸೆಟ್ಟಿನಿಂದ ದೂರ ಇಡುವುದೇ ಅರ್ಧ ಕೆಲಸ. ಶಿವಮೊಗ್ಗದ ಆಟೋ ಕಾಂಪ್ಲೆಕ್ಸಿಗೆ ಹೋದಾಗ, ಇಲ್ಲವೇ 1923ರಲ್ಲೇ ಕಬ್ಬಿಣ ಕರಗಿಸಿದ ಭದ್ರಾವತಿಗೆ ಹೋದಾಗ, ಕೆಲಸ ಬಲ್ಲವರ ಅಂಗಡಿಯಲ್ಲಿ ಸೆಟ್ಟು ಎಲ್ಲಿದೆ, ಗ್ರೈಂಡರ್ ಎಲ್ಲಿದೆ ಅಂತ ಗಮನಿಸಿ. ಕೇಬಲ್ ಎಟುಕುವಷ್ಟು ದೂರಕ್ಕೆ ಸೆಟ್ಟನ್ನು ಒಯ್ದು, ಎರಡಡಿ ಎತ್ತರದ ಸ್ಟ್ಯಾಂಡಿನ ಮೇಲಿಡಿ. ಕಿಡಿ ಅದರ ಕಡೆ ಹಾರಬಾರದು. ಗಾಳಿ ಬೀಸುವ ದಿಕ್ಕನ್ನೂ ನೋಡಿ, ರಾಶಿ ತೂರುವ ನಮಗೆ ಅದನ್ನು ಹೇಳಿಕೊಡಬೇಕಿಲ್ಲ. ವೆಲ್ಡಿಂಗ್ ಮುಗಿದ ಮೇಲೆ ಐದು ನಿಮಿಷ ಫ್ಯಾನು ಓಡಲು ಬಿಟ್ಟು, ಸೆಟ್ಟು ಆರಿದ ಬಳಿಕ ಬಂದ್ ಮಾಡಿ. ಗ್ರೈಂಡಿಂಗ್ ಆಮೇಲೆ.

ಕೆಲವರು ಸೆಟ್ಟಿನ ಗಾಳಿಕಿಂಡಿಗೆ ಬಟ್ಟೆ ಕಟ್ಟಿ ವೆಲ್ಡಿಂಗ್ ಮಾಡುತ್ತಾರೆ. ಇದು ಬೇಡವೇ ಬೇಡ. ಧೂಳು ನಿಲ್ಲುತ್ತದೆ, ಗಾಳಿಯೂ ನಿಲ್ಲುತ್ತದೆ, ಸೆಟ್ಟು ಕಾದು ಕೆಡುತ್ತದೆ. ಹೊದಿಕೆ ಏನಿದ್ದರೂ ತಣ್ಣಗಾದ ಮೇಲೆ.

ತಿಂಗಳಿಗೊಮ್ಮೆ ಗಾಳಿ ಹೊಡೆದು ಧೂಳು ತೆಗೆಯಬೇಕು. ಪ್ಲಗ್ ಕಿತ್ತು ಹತ್ತು ನಿಮಿಷವಾದರೂ ಕಾಯಿರಿ, ಪ್ಲಗ್ ಕಿತ್ತರೂ ಒಳಗೆ ಕರೆಂಟು ಉಳಿದಿರುತ್ತದೆ. ಕವರ್ ಬಿಚ್ಚುವ ಕೆಲಸ ಮೆಕ್ಯಾನಿಕ್ಕಿಗೆ ಬಿಡಿ, ನಮಗೆ ಕಿಂಡಿಯಿಂದ ಊದಿದರೆ ಸಾಕು. ಪಂಕ್ಚರ್ ಅಂಗಡಿಯ ಗಾಳಿ ಆಗುತ್ತದೆ, ಆದರೆ ಮೊದಲು ಟ್ಯಾಂಕಿನ ನೀರು ಬಸಿಯಲು ಹೇಳಿ. ಇಲ್ಲದಿದ್ದರೆ ಬೋರ್ಡಿಗೆ ನೀರು ಸಿಂಪಡಿಸಿದ ಹಾಗಾಗುತ್ತದೆ. ಪೈಪನ್ನು ಒಂದಡಿ ದೂರ ಹಿಡಿದು ಮೆಲ್ಲಗೆ ಊದಿ, ಫ್ಯಾನು ರಭಸದಿಂದ ತಿರುಗಬಾರದು. ಮೂಗಿಗೆ ಟವೆಲು, ಕಣ್ಣಿಗೆ ಕನ್ನಡಕ ಇರಲಿ.

ನೆಲಕ್ಕೆ ಬಿದ್ದ ಪುಡಿಯನ್ನು ಪೊರಕೆಯಿಂದ ಗುಡಿಸಿದರೆ ಮತ್ತೆ ಏಳುತ್ತದೆ. ಹಳೇ ಸ್ಪೀಕರಿನ ಅಯಸ್ಕಾಂತವನ್ನು ಪ್ಲಾಸ್ಟಿಕ್ ಕವರಿನಲ್ಲಿ ಹಾಕಿ ನೆಲದ ಮೇಲೆ ಆಡಿಸಿ. ಪುಡಿಯೆಲ್ಲ ಅಂಟುತ್ತದೆ. ಕವರನ್ನು ಒಳಹೊರಗು ಮಾಡಿ ಅಯಸ್ಕಾಂತ ಈಚೆ ತೆಗೆದರೆ ಪುಡಿ ಕವರಿನಲ್ಲೇ ಉಳಿಯುತ್ತದೆ. ಖರ್ಚಿಲ್ಲದ ಉಪಾಯ.

ಅರ್ಥ್ ಕ್ಲ್ಯಾಂಪಿನ ಬಾಯಿಯನ್ನೂ ಆಗಾಗ ಉಜ್ಜಿ. ಅಲ್ಲಿ ತುಕ್ಕು, ಪುಡಿ ಕೂತರೆ ಹಿಡಿತ ಸಡಿಲವಾಗಿ ಕ್ಲ್ಯಾಂಪು ಕಾಯುತ್ತದೆ, ರಾಡು ಸರಿಯಾಗಿ ಹೊತ್ತುವುದಿಲ್ಲ. ಎಷ್ಟೋ ಜನ ಆಗ ಸೆಟ್ಟೇ ಕೆಟ್ಟಿತು ಅಂತ ಪೇಟೆಗೆ ಹೊರುತ್ತಾರೆ.